ವಚನಪಿತಾಮಹ ಡಾ. ಫ. ಗು. ಹಳಕಟ್ಟಿ: ಮನವೊಲಿಸುವ ಬರಹಕ್ಕೊಂದು ಆದರ್ಶ

ಲೋಕದಲ್ಲಿ ಮಾತನಾಡಬಲ್ಲವರು ಬಹಳ. ಮಾತಿನಿಂದ ಅನ್ಯರ ಮನಸ್ಸನ್ನು ಒಲಿಸಬಲ್ಲವರು ವಿರಳ. ಬರಹದ ವಿಷಯದಲ್ಲಿಯೂ ಈ ಮಾತು ಸತ್ಯವಾದುದೇ ಆಗಿದೆ. ಪರೀಕ್ಷೆಯ ಸಮಯದಲ್ಲಿ ಪ್ರಬಂಧವೊಂದನ್ನು ಬರೆಯಲು ಕುಳಿತ ವಿದ್ಯಾರ್ಥಿಗೆ ಎರಡು ಕೊರತೆಗಳು ಕಾಡುತ್ತವೆ. ಹೇಳಬೇಕಾದುದಕ್ಕೆ ತಕ್ಕ ಶಬ್ದಗಳು ದೊರೆಯವು ಎಂಬುದು ಮೊದಲನೆಯದು. ಹೇಳಿದುದನ್ನು ಓದಿದವರು ಒಪ್ಪುವಂತೆ ಹೇಗೆ ಹೇಳಬೇಕೆಂಬುದು ತಿಳಿಯದು ಎಂಬುದು ಎರಡನೆಯದು. ಈ ಎರಡೂ ಕೊರತೆಗಳಿಗೆ ವ್ಯಾಕರಣದ ಪುಸ್ತಕದಲ್ಲಿ ದೊರೆಯುವ ಉತ್ತರಕ್ಕಿಂತ ಒಬ್ಬ ಮಹನೀಯರ ಬಾಳಿನಲ್ಲಿ ದೊರೆಯುವ ಉತ್ತರ ಹೆಚ್ಚು ಬೆಳಕು ನೀಡಬಲ್ಲದು. ಅಂಥ ಬಾಳು ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರದು. ಗೆದ್ದಲಿನ ಪಾಲಾಗುತ್ತಿದ್ದ ವಚನಗಳು ಕನ್ನಡಿಗರ ಅಮೂಲ್ಯ ಸಾಹಿತ್ಯವೆಂಬುದನ್ನು ಒಂದು ಇಡೀ ನಾಡಿಗೆ ಒಪ್ಪಿಸಿದವರು ಅವರು; ಒಪ್ಪಿಸಿದ್ದು ಅಧಿಕಾರದಿಂದಲ್ಲ, ಹಣದಿಂದಲ್ಲ, ಬರಹದಿಂದ.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಮನೆತನದ ಕಾಯಕ ನೇಕಾರಿಕೆ. ತಂದೆ ಗುರುಬಸಪ್ಪನವರು ಶಿಕ್ಷಕರಾಗಿದ್ದರು; ಕನ್ನಡದಲ್ಲಿ ಗ್ರಂಥಗಳನ್ನು ಬರೆದವರೂ ಆಗಿದ್ದರು. ತಾಯಿ ದಾನಮ್ಮನವರನ್ನು ಹಳಕಟ್ಟಿಯವರು ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡರು. ಅಜ್ಜಿಯ ಆರೈಕೆಯಲ್ಲಿಯೂ ತಂದೆಯ ಪುಸ್ತಕಗಳ ನಡುವೆಯೂ ಅವರ ಬಾಲ್ಯ ಕಳೆಯಿತು. ನೂಲನ್ನು ಎಳೆ ಎಳೆಯಾಗಿ ಹೊಂದಿಸಿ ಬಟ್ಟೆಯನ್ನು ನೇಯುವ ಮನೆತನದಲ್ಲಿ ಹುಟ್ಟಿದ ಮಗು ಮುಂದೆ ಹರಿದು ಚೆದುರಿಹೋದ ಗ್ರಂಥಗಳನ್ನು ಗರಿ ಗರಿಯಾಗಿ ಹೊಂದಿಸಿ ನಾಡಿನ ನಗ್ನತೆಯನ್ನು ಮುಚ್ಚುವಂತಾದುದು ದೈವಸಂಕಲ್ಪವೆಂದೇ ಹೇಳಬೇಕು.

ಅವರು 1896ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಗೆ ತೆರಳಿದರು. ಧಾರವಾಡವೂ ವಿಜಾಪುರವೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆ ಮಹಾನಗರದಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ಭಾಷೆಗಳಲ್ಲಿ ಪತ್ರಿಕೆಗಳನ್ನು ನಡೆಸುತ್ತ, ಗ್ರಂಥಗಳನ್ನು ಪ್ರಕಟಿಸುತ್ತ, ತಮ್ಮ ಸಂತರ ಹಾಗೂ ಕವಿಗಳ ಹೆಸರನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದ ಕಾಲವದು. ಕನ್ನಡಿಗರಿಗಾದರೋ ತಮ್ಮ ಮನೆಯ ಅಟ್ಟದ ಮೇಲೆಯೇ ಇದ್ದ ನಿಧಿಯ ಪರಿಚಯವಿರಲಿಲ್ಲ. 1904ರಲ್ಲಿ ಕಾನೂನು ಪದವಿಯನ್ನು ಪಡೆದು ಹಳಕಟ್ಟಿಯವರು ಮೊದಲು ಬೆಳಗಾವಿಯಲ್ಲಿ, ಅನಂತರ ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. ಇಂದು ವಿಜಯಪುರವೆಂದು ಕರೆಯಲ್ಪಡುವ ಆ ನಗರವೇ ಅವರ ಕರ್ಮಭೂಮಿಯಾಯಿತು.

ವಕೀಲರ ಕೆಲಸವೆಂದರೆ ಒಪ್ಪಿಸುವ ಕೆಲಸ. ನ್ಯಾಯಾಸನದ ಮುಂದೆ ನಿಂತವನು ತನ್ನ ಕಕ್ಷಿದಾರನು ನಿರಪರಾಧಿಯೆಂದು ಎಷ್ಟು ಗಟ್ಟಿಯಾಗಿ ಕೂಗಿದರೂ ಫಲವಿಲ್ಲ; ಸಾಕ್ಷಿ ಬೇಕು, ದಾಖಲೆ ಬೇಕು, ಎದುರು ಪಕ್ಷದವರ ಪ್ರಶ್ನೆಗೆ ಉತ್ತರ ಬೇಕು. ಹಳಕಟ್ಟಿಯವರಿಗೆ ಈ ಶಿಸ್ತು ವೃತ್ತಿಯಿಂದ ಬಂದಿತು. ಆದರೆ ಅವರು ಅದನ್ನು ಹೆಚ್ಚಾಗಿ ಬಳಸಿದ್ದು ಹಣ ಕೊಡುವ ಕಕ್ಷಿದಾರರಿಗಾಗಿ ಅಲ್ಲ. ಎಂಟು ನೂರು ವರ್ಷಗಳ ಹಿಂದೆ ಬಾಳಿದ, ತಮ್ಮ ಪರವಾಗಿ ತಾವು ವಾದಿಸಲಾರದ ಶರಣರಿಗಾಗಿ ಬಳಸಿದರು.

ಆ ಕಾಲದಲ್ಲಿ ವಚನಗಳ ಸ್ಥಿತಿ ಹೇಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದು ಕಷ್ಟ. ಪಠ್ಯಪುಸ್ತಕಗಳಲ್ಲಿ ಇಂದು ವಚನಗಳಿವೆ, ಸಭೆಗಳು ವಚನಗಾಯನದಿಂದ ಆರಂಭವಾಗುತ್ತವೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಾದರೋ ವಚನಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳಾಗಿದ್ದವು. ಹಲವು ಕಡೆ ಅವುಗಳಿಗೆ ಪೂಜೆ ಸಲ್ಲುತ್ತಿತ್ತು; ಬಿಚ್ಚಿ ಓದುವವರು ಮಾತ್ರ ಕಡಿಮೆ. ಚಂಪೂ ಕಾವ್ಯಗಳಿಗೂ ಷಟ್ಪದಿ ಕಾವ್ಯಗಳಿಗೂ ವಿದ್ವಾಂಸರಲ್ಲಿ ದೊರೆಯುತ್ತಿದ್ದ ಮನ್ನಣೆ ವಚನಗಳಿಗೆ ದೊರೆತಿರಲಿಲ್ಲ. ಅವು ಒಂದು ಮತದ ಗ್ರಂಥಗಳೆಂದೇ ಬಹುಮಂದಿ ಎಣಿಸಿದ್ದರು. ಮಡಿವಾಳರು, ಅಂಬಿಗರು, ಕಟ್ಟಿಗೆ ಹೊರುವವರು, ಹಗ್ಗ ಹೊಸೆಯುವವರು, ಅವರೊಡನೆ ಸ್ತ್ರೀಯರು, ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿ ಹೇಳಿದ ಇಂಥ ಸಾಹಿತ್ಯ ಕನ್ನಡದಲ್ಲಿ ಉಂಟೆಂಬ ಸಂಗತಿಯೇ ನಾಡಿಗೆ ತಿಳಿದಿರಲಿಲ್ಲ.

ಹಳಕಟ್ಟಿಯವರು ಮೊದಲು ಮಾಡಿದ ಕೆಲಸ ಬರೆಯುವುದಲ್ಲ, ಸಂಗ್ರಹಿಸುವುದು. ಊರಿಂದ ಊರಿಗೆ, ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಅವರು ಓಲೆಗರಿಗಳನ್ನು ಅರಸುತ್ತ ಹೋದರು. ಕೊಟ್ಟವರಿಂದ ಪಡೆದರು, ಕೊಡಲೊಲ್ಲದವರ ಮನೆಯಲ್ಲಿ ಕುಳಿತು ಪ್ರತಿ ಮಾಡಿಕೊಂಡರು. ಅವರ ಮೊದಲ ಮಹತ್ಕೃತಿ ಪ್ರಕಟವಾದುದು 1923ರಲ್ಲಿ. ವಕೀಲಿಯನ್ನು ಆರಂಭಿಸಿ ಆಗ ಹತ್ತೊಂಬತ್ತು ವರ್ಷಗಳಾಗಿದ್ದವು. ಅಂದರೆ ಒಂದು ಗ್ರಂಥದ ಹಿಂದೆ ಸುಮಾರು ಎರಡು ದಶಕಗಳ ಸಂಗ್ರಹ ನಿಂತಿದೆ. ಪ್ರಬಂಧದ ಮೊದಲ ವಾಕ್ಯವನ್ನು ಬರೆಯುವ ಮುನ್ನ ವಿಷಯವನ್ನು ಸಂಗ್ರಹಿಸಬೇಕೆಂದು ಗುರುಗಳು ಹೇಳುವ ಮಾತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಓಲೆಗರಿಯನ್ನು ಓದುವುದು ಸುಲಭದ ಮಾತಲ್ಲ. ಅದರಲ್ಲಿ ಶಬ್ದ ಶಬ್ದಗಳ ನಡುವೆ ಬಿಡುವಿಲ್ಲ, ಅಲ್ಪವಿರಾಮ, ಪೂರ್ಣವಿರಾಮಗಳಿಲ್ಲ. ಅಕ್ಷರಗಳು ಸಾಲಾಗಿ ಹರಿಯುತ್ತವೆ. ಎಲ್ಲಿ ಶಬ್ದ ಮುಗಿಯಿತು, ಎಲ್ಲಿ ಮುಂದಿನದು ಮೊದಲಾಯಿತು ಎಂಬುದನ್ನು ಓದುವವನೇ ನಿರ್ಣಯಿಸಬೇಕು. ಶಬ್ದಜ್ಞಾನವಿಲ್ಲದವನು ನೀರಡಿಕೆ ಎಂಬಲ್ಲಿ ಬಾಯಾರಿಕೆಯನ್ನು ಕಾಣದೆ ನೀರನ್ನೂ ಅಡಿಕೆಯನ್ನೂ ಬೇರೆ ಬೇರೆಯಾಗಿ ಕಂಡಾನು! ಇದರ ಮೇಲೆ ಹುಳು ತಿಂದ ಅಂಚುಗಳು, ಮುರಿದ ಗರಿಗಳು, ಪ್ರತಿಕಾರರ ಕೈತಪ್ಪುಗಳು, ಇಂದು ಬಳಕೆಯಲ್ಲಿಲ್ಲದ ಹಳೆಯ ಅಕ್ಷರಗಳು. ಒಂದು ಪ್ರತಿಯಲ್ಲಿ ತಿಳಿಯದ ಶಬ್ದವನ್ನು ಮತ್ತೊಂದು ಪ್ರತಿಯಲ್ಲಿ ಹುಡುಕಬೇಕು. ಒಂದು ವಚನದಲ್ಲಿ ಅರ್ಥವಾಗದುದನ್ನು ಅದೇ ಶಬ್ದ ಬರುವ ಬೇರೊಂದು ವಚನದಿಂದ ಅರಿಯಬೇಕು. ಹಳಕಟ್ಟಿಯವರ ಶಬ್ದಸಂಪತ್ತು ಬೆಳೆದುದು ಈ ಬಗೆಯಿಂದ. ಅದು ಪಟ್ಟಿ ಮಾಡಿ ಬಾಯಿಪಾಠ ಮಾಡಿದ ಸಂಪತ್ತಲ್ಲ. ಪ್ರತಿಯೊಂದು ಶಬ್ದವನ್ನೂ ಅದರ ವಾಕ್ಯದಲ್ಲಿ, ಅದರ ಜನರ ಬಾಯಲ್ಲಿ, ಅದರ ಕಾಯಕದಲ್ಲಿ ಕಂಡು ಗಳಿಸಿದ ಸಂಪತ್ತು.

ವಚನಗಳ ಶಬ್ದಭಂಡಾರವೇ ಇಂಥ ಗಳಿಕೆಗೆ ತಕ್ಕ ಕಣಜವಾಗಿದೆ. ಅಂಬಿಗರ ಚೌಡಯ್ಯನ ವಚನಗಳನ್ನು ತೆರೆದವನಿಗೆ ಹೊಳೆಯ ಮಾತು ಕೇಳಿಸುತ್ತದೆ. ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಆಯ್ದಕ್ಕಿಯ ಲಕ್ಕಮ್ಮ ಮುಂತಾದವರ ಹೆಸರುಗಳಲ್ಲಿಯೇ ಅವರ ಕಾಯಕದ ಗುರುತಿದೆ. ಬಯಲು ಎಂಬ ಒಂದು ಶಬ್ದವನ್ನೇ ತೆಗೆದುಕೊಂಡರೆ ಅದು ಒಕ್ಕಲಿಗನಿಗೆ ಊರ ಹೊರಗಿನ ನೆಲ. ಅನುಭಾವಿಗೆ ಎಲ್ಲವೂ ಲಯವಾಗುವ ಪರಮ ಸ್ಥಿತಿ. ಅರಿವು, ಕುರುಹು, ನಿಲವು, ಇಂಬು ಮುಂತಾದ ಚಿಕ್ಕ ಚಿಕ್ಕ ಅಚ್ಚಗನ್ನಡ ಶಬ್ದಗಳು ದೊಡ್ಡ ದೊಡ್ಡ ತತ್ತ್ವಗಳ ಭಾರವನ್ನು ಹೊತ್ತಿವೆ. ಕಠಿಣ ಶಬ್ದಗಳನ್ನು ತುಂಬಿದರೆ ಬರಹಕ್ಕೆ ತೂಕ ಬರುತ್ತದೆಂಬ ಭ್ರಮೆ ಹಲವು ವಿದ್ಯಾರ್ಥಿಗಳಲ್ಲಿದೆ. ಶಬ್ದದ ತೂಕ ಅದರ ಉದ್ದದಲ್ಲಿಲ್ಲ, ಅದನ್ನು ಇಟ್ಟ ಸ್ಥಳದಲ್ಲಿದೆ ಎಂಬುದನ್ನು ವಚನಗಳ ಅಭ್ಯಾಸ ಮನಗಾಣಿಸುತ್ತದೆ.

ಈ ಮಾತು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮಕ್ಕಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹಳಕಟ್ಟಿಯವರು ಓಲೆಗರಿಗಳನ್ನು ಅರಸುತ್ತಿದ್ದ ವಿಜಾಪುರ ಜಿಲ್ಲೆ ಈ ಸೀಮೆಗೆ ನೆರೆಯದೇ. ಭೀಮೆಯ ಒಂದು ದಂಡೆ ಅಫಜಲಪುರವಾದರೆ ಎದುರು ದಂಡೆ ಅಂದಿನ ಇಂಡಿ, ಸಿಂದಗಿ ತಾಲೂಕುಗಳು. ಜೇವರ್ಗಿಯ ಪಡುವಣ ಗಡಿಯೂ ಸಿಂದಗಿಯನ್ನೇ ಮುಟ್ಟುತ್ತಿತ್ತು. ನೆಲ ಒಂದೇ, ಜೋಳ ಒಂದೇ, ಮಾತು ಒಂದೇ. ಆದರೆ ಅತ್ತ ಮುಂಬಯಿ ಪ್ರಾಂತ, ಇತ್ತ ನಿಜಾಮರ ಹೈದರಾಬಾದು ಸಂಸ್ಥಾನ. ನಿಜಾಮರ ಆಳಿಕೆಯಲ್ಲಿ ರಾಜ್ಯಭಾಷೆ ಉರ್ದು. ಶಿಕ್ಷಣದಲ್ಲಿಯೂ ಅದಕ್ಕೇ ಅಗ್ರಸ್ಥಾನ. 1948ರಲ್ಲಿ ಆ ಆಳಿಕೆ ಕೊನೆಗೊಳ್ಳುವವರೆಗೆ ಈ ಭಾಗದ ಅನೇಕ ಮಕ್ಕಳು ಮನೆಯ ಮಾತೊಂದು, ಶಾಲೆಯ ಮಾತೊಂದು ಎಂಬ ಇಕ್ಕಟ್ಟಿನಲ್ಲಿಯೇ ಬೆಳೆದರು. ಅಂಥ ಕಾಲದಲ್ಲಿ ಕನ್ನಡ ಶಬ್ದಗಳನ್ನು ಉಳಿಸಿದವರು ಮಠಗಳಲ್ಲಿಯ ಪುರಾಣಿಕರು, ಭಜನೆಯ ಮೇಳದವರು, ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ತಾಯಂದಿರು.

ಈ ಮೂರು ತಾಲೂಕುಗಳ ಸೀಮೆ ಶಬ್ದದ ಬಡತನದ ಸೀಮೆಯಲ್ಲ. ಹನ್ನೆರಡನೆಯ ಶತಮಾನದ ಏಕಾಂತದ ರಾಮಯ್ಯನು ಆಳಂದದವನು. ಆತನ ವೃತ್ತಾಂತವನ್ನು ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಿಲಾಶಾಸನ ಇಂದಿಗೂ ಹೇಳುತ್ತಿದೆ. ಅಖಂಡೇಶ್ವರ ಎಂಬ ಅಂಕಿತದಿಂದ ವಚನಗಳನ್ನು ರಚಿಸಿದ, ಹದಿನೇಳನೆಯ ಶತಮಾನದ ಷಣ್ಮುಖ ಶಿವಯೋಗಿಗಳು ಜೇವರ್ಗಿಯವರು. ಕಲಬುರ್ಗಿಯ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿಯೂ ಜೇವರ್ಗಿಯ ಸೀಮೆಯದೇ. ತತ್ತ್ವಪದಗಳ ಕಡಕೋಳ ಮಡಿವಾಳಪ್ಪನವರ ಕಡಕೋಳವೂ ಅದೇ ಸೀಮೆಗೆ ಸೇರಿದುದು. ಹೀಗಿರಲು ಈ ಭಾಗದ ವಿದ್ಯಾರ್ಥಿ ತನಗೆ ಶಬ್ದಗಳಿಲ್ಲವೆಂದು ಕೊರಗುವುದು ಕಣಜದ ಬಾಗಿಲಲ್ಲಿ ಕುಳಿತು ಹಸಿದಂತೆ.

ಸಂಗ್ರಹ ಮುಗಿದ ಮೇಲೆ ಬಂದುದು ಜೋಡಣೆಯ ಪ್ರಶ್ನೆ. ದೊರೆತ ವಚನಗಳನ್ನೆಲ್ಲ ದೊರೆತ ಕ್ರಮದಲ್ಲಿಯೇ ಅಚ್ಚು ಹಾಕಿಸಿದ್ದರೆ ಅದು ರಾಶಿಯಾಗುತ್ತಿತ್ತು, ಗ್ರಂಥವಾಗುತ್ತಿರಲಿಲ್ಲ. ಹಳಕಟ್ಟಿಯವರು ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿದರು. ಒಂದೊಂದು ವಿಷಯದ ಕೆಳಗೆ ಬೇರೆ ಬೇರೆ ಶರಣರ ವಚನಗಳನ್ನು ತಂದಿರಿಸಿದರು. ಹೀಗೆ ಇರಿಸಿದಾಗ ಒಬ್ಬರ ಮಾತಿಗೆ ಮತ್ತೊಬ್ಬರ ಮಾತು ಸಾಕ್ಷಿಯಾಯಿತು. ಓದುವವನಿಗೆ ಚೆದುರಿದ ಉಕ್ತಿಗಳಲ್ಲಿ ಒಂದು ಸಮಗ್ರ ಜೀವನದರ್ಶನ ಗೋಚರಿಸಿತು. ಆ ಗ್ರಂಥವೇ ವಚನಶಾಸ್ತ್ರಸಾರ. ಶಾಸ್ತ್ರವೆಂಬ ಹೆಸರಿನಲ್ಲಿಯೇ ಅವರ ವಾದದ ತಿರುಳಿದೆ: ಇವು ಬಿಡಿಮಾತುಗಳಲ್ಲ, ಕ್ರಮವುಳ್ಳ ಒಂದು ಚಿಂತನೆ ಎಂಬುದನ್ನು ಅವರು ಹೆಸರಿನಿಂದಲೂ ಸೂಚಿಸಿದರು, ಜೋಡಣೆಯಿಂದಲೂ ಸಿದ್ಧಪಡಿಸಿದರು.

ಗ್ರಂಥದ ಮುದ್ರಣಕ್ಕೆ ಅಡ್ಡಿಗಳು ಬಂದವು. ಮೊದಲು ಹಸ್ತಪ್ರತಿಯನ್ನು ಕಳುಹಿಸಿದ ಮಂಗಳೂರಿನ ಮುದ್ರಣಾಲಯವೊಂದು ಅದನ್ನು ಮುದ್ರಿಸಲೊಪ್ಪದೆ ಮರಳಿಸಿತು. ಹಳಕಟ್ಟಿಯವರು ಎದೆಗುಂದಲಿಲ್ಲ; 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಗಿ ಹೊರಬಂದಿತು. ಅನ್ಯರ ಮುದ್ರಣಾಲಯಗಳನ್ನು ನಂಬಿ ಈ ಕಾರ್ಯ ನಡೆಯದೆಂಬುದು ಅವರಿಗೆ ಮನವರಿಕೆಯಾಗಿತ್ತು. ತಾವಿದ್ದ ಮನೆಯನ್ನು ಮಾರಿ ಬಂದ ಹಣದಿಂದ ಅವರು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ತನ್ನ ಮಾತಿನಲ್ಲಿ ತನಗೇ ಎಷ್ಟು ನಂಬಿಕೆಯುಂಟೆಂಬುದನ್ನು ಲೋಕ ಮೊದಲು ನೋಡುತ್ತದೆ. ಮನೆಯನ್ನು ಮಾರಿ ವಚನಗಳನ್ನು ಅಚ್ಚು ಹಾಕಿಸಿದವರ ವಾದವನ್ನು ಹಗುರಾಗಿ ತೆಗೆದುಕೊಳ್ಳುವುದು ಯಾರಿಗೂ ಸಾಧ್ಯವಾಗಲಿಲ್ಲ.

1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಮರುವರ್ಷ ನವಕರ್ನಾಟಕ ವಾರಪತ್ರಿಕೆ ಹೊರಟಿತು. ಶಿವಾನುಭವವು ಮೊದಲು ತ್ರೈಮಾಸಿಕವಾಗಿ, ಮುಂದೆ ಮಾಸಿಕವಾಗಿ ಮೂರು ದಶಕಗಳಿಗೂ ಮೀರಿ ನಡೆಯಿತು. ಒಂದು ಗ್ರಂಥದಿಂದ ನಾಡಿನ ಮನಸ್ಸು ತಿರುಗದು. ಬೇರೆ ಬೇರೆ ಮುಖಗಳಿಂದ ಅದೇ ಸತ್ಯವನ್ನು ಮತ್ತೆ ಮತ್ತೆ ತೋರಿಸಬೇಕಾಗುತ್ತದೆ. ಒಂದು ಸಂಚಿಕೆಯಲ್ಲಿ ವಚನ, ಒಂದರಲ್ಲಿ ಶರಣರ ಚರಿತ್ರೆ, ಒಂದರಲ್ಲಿ ತತ್ತ್ವವಿಚಾರ. ಹೀಗೆ ಓದುಗನು ತಿಂಗಳಿಂದ ತಿಂಗಳಿಗೆ ಒಂದೊಂದು ಹೆಜ್ಜೆ ಮುಂದೆ ಬರುವಂತೆ ಅವರು ದುಡಿದರು. ಹರಿಹರನ ರಗಳೆಗಳನ್ನು ಪ್ರಕಟಿಸಿದರು. 1930ರಲ್ಲಿ ಶೂನ್ಯಸಂಪಾದನೆಯನ್ನು ಬೆಳಕಿಗೆ ತಂದರು. ಅವರ ಶ್ರಮಕ್ಕೆ ಮೊದಲು ನಾಡಿಗೆ ಪರಿಚಿತರಾಗಿದ್ದ ವಚನಕಾರರು ಕೆಲವೇ ಮಂದಿ. ಅವರು ಬೆಳಕಿಗೆ ತಂದ ಶರಣ ಶರಣೆಯರ ಸಂಖ್ಯೆ 250ರಷ್ಟು ಎಂದು ವಿದ್ವಾಂಸರು ಗಣಿಸಿದ್ದಾರೆ.

ಬರಹದಲ್ಲಿ ಹೇಳಿದುದನ್ನು ಅವರು ಬದುಕಿನಲ್ಲಿಯೂ ತೋರಿಸಿದರು. ಕಾಯಕ ಮತ್ತು ದಾಸೋಹ ಎಂಬ ಶಬ್ದಗಳಿಗೆ ಟಿಪ್ಪಣಿ ಬರೆದು ಸುಮ್ಮನಾಗಲಿಲ್ಲ. ಬರಗಾಲದಿಂದ ಬಳಲುತ್ತಿದ್ದ ವಿಜಾಪುರ ಜಿಲ್ಲೆಯಲ್ಲಿ 1910ರಲ್ಲಿ ವಿದ್ಯಾಪ್ರಸಾರಕ್ಕಾಗಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೆ ಶ್ರಮಿಸಿದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ತಲೆಯೆತ್ತುವಂತೆ ಮಾಡಿದರು. ಬಿ.ಎಲ್.ಡಿ.ಇ. ಎಂದು ನಾಡಿನಾದ್ಯಂತ ಹೆಸರಾಗಿರುವ ಶಿಕ್ಷಣ ಸಂಸ್ಥೆಯ ಬೇರು ಆ ವಿದ್ಯಾವರ್ಧಕ ಸಂಸ್ಥೆಯೇ. 1920ರ ದಶಕದ ಆದಿಯಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. ಕರ್ನಾಟಕದ ಏಕೀಕರಣಕ್ಕಾಗಿಯೂ ದುಡಿದರು. ಹಳಕಟ್ಟಿಯವರು ಹುಟ್ಟಿದ ವರ್ಷ, ಅದೇ ತಿಂಗಳಲ್ಲಿ ವಿಜಾಪುರದಲ್ಲಿ ಜನಿಸಿದ ಆಲೂರು ವೆಂಕಟರಾಯರು ಗತವೈಭವದ ಕಥನದಿಂದ ಕನ್ನಡಿಗರನ್ನು ಎಚ್ಚರಿಸಿದರೆ, ಹಳಕಟ್ಟಿಯವರು ಮೂಲ ಗ್ರಂಥಗಳನ್ನೇ ಕಣ್ಣೆದುರಿಗಿಟ್ಟು ಎಚ್ಚರಿಸಿದರು. ಒಬ್ಬರದು ಭಾವದ ಮಾರ್ಗ, ಇನ್ನೊಬ್ಬರದು ಪ್ರಮಾಣದ ಮಾರ್ಗ. ಎರಡೂ ಕೂಡಿದಾಗಲೇ ಒಪ್ಪಿಸುವ ಮಾತು ಪೂರ್ಣವಾಗುತ್ತದೆ.

ನಾಡು ಮೆಲ್ಲಮೆಲ್ಲನೆ ಒಪ್ಪಿತು. 1926ರಲ್ಲಿ ಬಳ್ಳಾರಿಯಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಹಳಕಟ್ಟಿಯವರಿಗೆ ದೊರೆಯಿತು. ಎರಡು ವರ್ಷಗಳ ತರುವಾಯ, 1928ರಲ್ಲಿ, ನಿಜಾಮರ ಆಳಿಕೆಯ ಕಲಬುರ್ಗಿಯಲ್ಲಿಯೂ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನೆರವೇರಿತು. ವಿದ್ವಾಂಸರು ವಚನಗಳನ್ನು ಕುರಿತು ಬರೆಯತೊಡಗಿದರು. ಪಾಠಶಾಲೆಗಳಲ್ಲಿ ವಚನಗಳು ಪ್ರವೇಶ ಪಡೆದವು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಅವರನ್ನು ಸನ್ಮಾನಿಸಿತು. ಭೀಮೆಯ ಎರಡೂ ದಂಡೆಗಳು ಒಂದೇ ರಾಜ್ಯಕ್ಕೆ ಸೇರಿದುದೂ ಅದೇ ವರ್ಷ ನವೆಂಬರ್ 1ರಂದು. 1964ನೆಯ ಇಸವಿ ಜೂನ್ 29ರಂದು, ಎಂಬತ್ತುನಾಲ್ಕು ವರ್ಷಗಳು ತುಂಬಲು ಮೂರೇ ದಿನಗಳಿರುವಾಗ, ಅವರು ಲಿಂಗೈಕ್ಯರಾದರು.

ಅವರ ಸಂಪಾದನೆಗಳಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅವರಿಗೆ ದೊರೆಯದಿದ್ದ ಪ್ರತಿಗಳು ಮುಂದಿನವರಿಗೆ ದೊರೆತವು. ಪಾಠಗಳನ್ನು ಹೋಲಿಸುವ ಶಾಸ್ತ್ರವೂ ಮುಂದುವರಿಯಿತು. ಅನೇಕ ಪಾಠಗಳು ತಿದ್ದಲ್ಪಟ್ಟವು. 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದಿತು. ತಿದ್ದುವವರಿಗೆ ತಿದ್ದಲು ಒಂದು ಪಾಠವನ್ನು ಒದಗಿಸಿಕೊಟ್ಟವರು ಹಳಕಟ್ಟಿಯವರೇ ಎಂಬುದನ್ನು ಮರೆಯಲಾಗದು. ತಪ್ಪಾದೀತೆಂಬ ಅಂಜಿಕೆಯಿಂದ ಬರೆಯದೆ ಉಳಿದವರಿಂದ ನಾಡಿಗೆ ಏನೂ ದೊರೆಯಲಿಲ್ಲ. ಜುಲೈ 2ನೆಯ ದಿನ ಇಂದು ವಚನ ಸಾಹಿತ್ಯ ಸಂರಕ್ಷಣೆಯ ದಿನವಾಗಿ ಆಚರಿಸಲ್ಪಡುತ್ತಿದೆ. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಕಾರ್ಯನಿರತವಾಗಿದೆ.

ಹಳಕಟ್ಟಿಯವರ ಬಾಳಿನಿಂದ ಪ್ರಬಂಧ ಬರೆಯುವ ವಿದ್ಯಾರ್ಥಿ ಕಲಿಯಬೇಕಾದುದು ಸ್ಪಷ್ಟವಾಗಿದೆ. ಹೇಳಬೇಕಾದ ಒಂದು ಮಾತನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಪ್ರಮಾಣಗಳನ್ನು ತಾಳ್ಮೆಯಿಂದ ಕೂಡಿಸಬೇಕು. ಕೂಡಿಸಿದುದನ್ನು ಒಂದಕ್ಕೊಂದು ಆಧಾರವಾಗುವಂತೆ ಜೋಡಿಸಬೇಕು. ಒಪ್ಪದವನ ಸಂಶಯವನ್ನು ತಿರಸ್ಕರಿಸದೆ ಅದಕ್ಕೆ ಉತ್ತರ ಕೊಡಬೇಕು. ತನಗೆ ಅರ್ಥ ತಿಳಿಯದ ಶಬ್ದವನ್ನು ಬಳಸಬಾರದು. ಶಬ್ದಸಂಪತ್ತಿಗಾಗಿ ನಿಘಂಟು ಒಂದು ಸಾಧನ. ಅಜ್ಜಿಯ ಮಾತು, ಹೊಲದ ಮಾತು, ಮಗ್ಗದ ಮಾತು, ಮಠದ ಪುರಾಣದ ಮಾತು ಅದಕ್ಕಿಂತ ಹಿರಿಯ ಸಾಧನಗಳು. ದಿನಕ್ಕೊಂದು ವಚನವನ್ನು ಓದಿ, ಅದರಲ್ಲಿಯ ಒಂದು ಶಬ್ದದ ಅರ್ಥವನ್ನು ಹಿರಿಯರಲ್ಲಿ ಕೇಳಿ ತಿಳಿದು, ಆ ಶಬ್ದವನ್ನು ತನ್ನದೊಂದು ವಾಕ್ಯದಲ್ಲಿ ಬಳಸಿ ಬರೆದಿಟ್ಟುಕೊಂಡ ವಿದ್ಯಾರ್ಥಿಗೆ ವರ್ಷದ ಕೊನೆಯಲ್ಲಿ ಮುನ್ನೂರಕ್ಕೂ ಮಿಕ್ಕಿ ಶಬ್ದಗಳು ಸ್ವಂತವಾಗಿರುತ್ತವೆ.

ಎಲ್ಲಕ್ಕೂ ಮಿಗಿಲಾದ ಪಾಠ ಇನ್ನೊಂದಿದೆ. ಹಳಕಟ್ಟಿಯವರು ಗೆಲ್ಲುವುದಕ್ಕಾಗಿ ವಾದಿಸಲಿಲ್ಲ, ಉಳಿಸುವುದಕ್ಕಾಗಿ ವಾದಿಸಿದರು. ತಮಗಿಂತ ದೊಡ್ಡದಾದ ಸತ್ಯವೊಂದು ಅಳಿದುಹೋಗಬಾರದೆಂಬ ಕಳಕಳಿ ಅವರ ಲೇಖನಿಯನ್ನು ನಡೆಸಿತು. ಆ ಕಳಕಳಿಯಿಲ್ಲದ ಬರಹದಲ್ಲಿ ಶಬ್ದಗಳಿರಬಹುದು, ಅಲಂಕಾರಗಳಿರಬಹುದು. ಓದುವವನ ಮನಸ್ಸನ್ನು ಕರಗಿಸುವ ಕಾವು ಇರದು. ನುಡಿ ನಡೆಗಳೆರಡೂ ಒಂದಾದ ಇಂಥ ಹಿರಿಯರ ಬಾಳನ್ನು ನೆನೆದು ಲೇಖನಿ ಹಿಡಿಯುವ ಮಕ್ಕಳಿಂದ ಭೀಮಾತೀರದ ಕನ್ನಡ ಇನ್ನೂ ಬೆಳಗುವುದರಲ್ಲಿ ಸಂದೇಹವಿಲ್ಲ.